ಪಡುವಣ ಬಳ್ಳಾರಿಯಲ್ಲಿ ಕಸಗುಡಿಸುವ ಕೂಲಿ

ಮನೆಯ ಕಸವನ್ನು ಗುಡಿಸುವುದಕ್ಕೆ ಕೂಲಿ ಕೊಟ್ಟು ಜನರನ್ನು ಗೊತ್ತುಮಾಡುವ ಪದ್ಧತಿಯು ನಗರದ ಹೊಸ ನಾಗರಿಕತೆಯೊಡನೆ ಬಂದುದೆಂದು ಅನೇಕರು ತಿಳಿದಿರುವರು. ಇದು ಅರ್ಧ ಮಾತ್ರ ನಿಜ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ಪರರ ಮನೆಯ ಕಸವನ್ನು ತೆಗೆಯುವವರು ಹಿಂದಿನಿಂದಲೂ ಇದ್ದರು. ಇಲ್ಲದಿದ್ದುದು ಕೂಲಿಯೆಂಬ ಮಾತು. ಈ ಸೀಮೆಯು 1800ರಲ್ಲಿ ನಿಜಾಮನಿಂದ ಕುಂಪಣಿಯ ಕೈಗೆ ಬಂದಿತು. 1953ರ ಅಕ್ಟೋಬರಿನಲ್ಲಿ ಮದರಾಸನ್ನು ಬಿಟ್ಟು ಮೈಸೂರನ್ನು ಸೇರಿತು. 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು. ಪ್ರಭುತ್ವಗಳು ಇಷ್ಟು ಬದಲಾದರೂ ಗುಡಿಸುವ ಕೈಗೆ ಏನು ಸಲ್ಲಬೇಕೆಂಬ ಪ್ರಶ್ನೆಯನ್ನು ಅವುಗಳಲ್ಲಿ ಯಾವುದೂ ಬಹುಕಾಲ ಕೇಳಲೇ ಇಲ್ಲ.

ಹಳೆಯ ಮನೆಯ ರಚನೆಯನ್ನು ಮೊದಲು ನೋಡಬೇಕು. ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ತಲೆಬಾಗಿಲನ್ನು ಹೊಕ್ಕೊಡನೆ ತಗ್ಗಿನಲ್ಲಿ ದನದ ಹಕ್ಕೆ, ಅದಕ್ಕಿಂತ ಎತ್ತರದಲ್ಲಿ ಪಡಸಾಲೆ, ಅದರಾಚೆಗೆ ಅಡಿಗೆಯ ಮನೆ, ದೇವರ ಮೂಲೆ. ನೆಲವು ಮಣ್ಣಿನದು. ಅದನ್ನು ಸೆಗಣಿಯಿಂದ ಸಾರಿಸಬೇಕು. ಕೆಲವು ದಿನ ಬಿಟ್ಟರೆ ಧೂಳೇಳುವುದು. ಗೋಡೆಯ ಕೆಳಗಂಚಿಗೆ ಕೆಮ್ಮಣ್ಣು, ಮೇಲಕ್ಕೆ ಸುಣ್ಣ. ಈ ಮನೆಯಲ್ಲಿ ಶುಚಿಯ ಕೆಲಸವು ಹೊಸ್ತಿಲಿನಲ್ಲಿ ಎರಡು ತುಂಡಾಗಿದ್ದಿತು. ಒಳಗಿನ ಸಾರಣೆ, ಒಲೆಯ ಬೂದಿ, ಮುಸುರೆ ಇವು ಮನೆಯ ಹೆಣ್ಣುಮಕ್ಕಳವು, ಅವರಲ್ಲಿಯೂ ಸೊಸೆಯಂದಿರವು. ಅದಕ್ಕೆ ಯಾರೂ ಲೆಕ್ಕವಿಡಲಿಲ್ಲ. ಹಿತ್ತಿಲು, ಕೊಟ್ಟಿಗೆ, ಬೀದಿ, ಸತ್ತ ದನ ಇವು ದಲಿತರ ಕೇರಿಯವರ ಪಾಲಿಗೆ ಬಂದುವು. ಜೀತವಿದ್ದವನ ಹೆಂಡತಿಯು ಬೆಳಗಿನ ಜಾವಕ್ಕೆ ಬಂದು ಸೆಗಣಿಯನ್ನು ಬಾಚಿ ತಿಪ್ಪೆಗೆ ಹಾಕುವಳು. ಆದರೆ ಆ ಸೆಗಣಿಯಿಂದ ಸಾರಿಸಿದ ನೆಲವನ್ನು ಅವಳು ತುಳಿಯುವಂತಿರಲಿಲ್ಲ. ಮನೆಯನ್ನು ಶುಚಿ ಮಾಡುವವಳಿಂದಲೇ ಮನೆಗೆ ಮೈಲಿಗೆಯೆಂಬ ಈ ವಿಚಿತ್ರ ತರ್ಕವನ್ನು ಓದುಬರಹ ಬಲ್ಲ ಮನೆತನಗಳೂ ತಲೆಮಾರುಗಳವರೆಗೆ ಪ್ರಶ್ನಿಸದೆ ನಡೆಸಿದುವು.

ಸಂಭಾವನೆಯ ರೀತಿಯೂ ಇದಕ್ಕೆ ತಕ್ಕಂತೆಯೇ ಇದ್ದಿತು. ಊರಿನ ಆಯಗಾರರಿಗೆ ಸುಗ್ಗಿಯ ಕಾಲದಲ್ಲಿ ಕಣದಲ್ಲಿಯೇ ಜೋಳವನ್ನು ಅಳೆದು ಕೊಡುವ ವಾಡಿಕೆಯುಂಟಷ್ಟೆ. ಕೆಲವು ಊಳಿಗಗಳಿಗೆ ಇನಾಮು ಹೊಲವೂ ಇದ್ದಿತು. ಕಸ ತೆಗೆಯುವ ಹೆಂಗಸಿಗಾದರೋ ಹಿಂದಿನ ರಾತ್ರಿಯ ರೊಟ್ಟಿ, ಹಬ್ಬಕ್ಕೊಂದು ಹಳೆಯ ಸೀರೆ, ಮದುವೆಯಾದರೆ ಉಳಿದ ಅನ್ನ. ಕೊಡುವವರು ಇದನ್ನು ದಾನವೆಂದು ಎಣಿಸಿದರು. ಪಡೆಯುವವರು ಹಕ್ಕೆಂದು ಎಣಿಸಿದರು. ಮಳೆ ಬಂದ ವರ್ಷದಲ್ಲಿ ಈ ಎರಡೆಣಿಕೆಗಳೂ ಜಗಳವಿಲ್ಲದೆ ಸಾಗಿದುವು. ಬರ ಬಿದ್ದೊಡನೆ ದಾನವು ನಿಂತಿತು, ಹಕ್ಕನ್ನು ಕೇಳುವ ಸ್ಥಳವಿರಲಿಲ್ಲ. 1876ರಿಂದ 1878ರವರೆಗಿನ ಮಹಾ ಕ್ಷಾಮದಲ್ಲಿ ಬಳ್ಳಾರಿ ಸೀಮೆಯು ಪಟ್ಟ ಪಾಡನ್ನು ವಾಚಕರು ಬಲ್ಲರು.

ಇದೇ ಕೆಲಸಕ್ಕೆ ಗುಡಿಯಲ್ಲಿ ಬೇರೆ ಹೆಸರು. ಬಾಗಳಿ, ಕುರುವತ್ತಿ, ಹಿರೇಹಡಗಲಿಗಳಲ್ಲಿ ಚಾಲುಕ್ಯರ ಕಾಲದ ದೇವಾಲಯಗಳು ನಿಂತಿವೆ. ದೇವರ ಮುಂದೆ ಗುಡಿಸುವುದಕ್ಕೆ ಸಮ್ಮಾರ್ಜನೆಯೆಂದು ಹೆಸರು. ಅದು ಸೇವೆ, ಪುಣ್ಯಪ್ರದ. ಪೊರಕೆ ಒಂದೇ, ಧೂಳು ಒಂದೇ. ಗುಡಿಯ ಅಂಗಳದಲ್ಲಿ ಪುಣ್ಯ, ಗೌಡರ ಅಂಗಳದಲ್ಲಿ ಹೀನ ವೃತ್ತಿ. ಈ ಭೇದವನ್ನು ಎತ್ತಿ ಒಗೆದವರು ಹನ್ನೆರಡನೆಯ ಶತಮಾನದ ಶರಣರು. ಅವರಲ್ಲಿ ಸತ್ಯಕ್ಕನ ಹೆಸರು ಇಲ್ಲಿ ಮುಖ್ಯವಾದುದು. ಶಿಕಾರಿಪುರ ಸೀಮೆಯ ಜಂಬೂರಿನವಳೆಂದು ಅವಳನ್ನು ಹೇಳುವರು. ಶಂಭುಜಕ್ಕೇಶ್ವರನೆಂಬುದು ಅವಳ ವಚನಗಳ ಅಂಕಿತ. ಶರಣರ ಮನೆಯಂಗಳವನ್ನು ಗುಡಿಸುವುದೇ ಅವಳ ಕಾಯಕ. ಲಂಚವನ್ನು ಮುಟ್ಟುವುದಿಲ್ಲವೆಂದೂ, ಹಾದಿಯಲ್ಲಿ ಚಿನ್ನವೋ ಬಟ್ಟೆಯೋ ಸಿಕ್ಕರೆ ಎತ್ತಿಕೊಳ್ಳುವುದಿಲ್ಲವೆಂದೂ ಅವಳು ಒಂದು ವಚನದಲ್ಲಿ ಪ್ರತಿಜ್ಞೆ ಮಾಡಿರುವಳು. ಪೊರಕೆ ಹಿಡಿದು ದಿನವೂ ಪರರ ಬಾಗಿಲಿಗೆ ಹೋಗುವವಳಿಗೇ ಇಂಥ ಪ್ರತಿಜ್ಞೆಯ ಅವಶ್ಯಕತೆಯು ತೋರಬಲ್ಲುದು. ಒಡವೆಯೊಂದು ಕಾಣದಾದರೆ ಮೊದಲು ಕೆಲಸದವಳ ಸೆರಗನ್ನು ನೋಡುವ ಮನೆಗಳಲ್ಲಿ ಈ ವಚನವನ್ನು ಭಕ್ತಿಯಿಂದ ಓದುವವರು ಅದು ಯಾರ ಮಾತೆಂಬುದನ್ನು ಮರೆಯುವರು.

ಕೊಟ್ಟೂರು ಬಸವೇಶ್ವರನ ನೆಲೆಯೂ ಉಜ್ಜಿನಿಯ ಪೀಠವೂ ಈ ಸೀಮೆಯಲ್ಲಿಯೇ ಇರುವುದರಿಂದ ಶರಣರ ಹೆಸರು ಇಲ್ಲಿ ಮನೆಮಾತಾಗಿದೆ. ಕೊಟ್ಟೂರಿನಲ್ಲಿ ಮಾಘ ಮಾಸದ ತೇರು ಹೊರಡುವ ಮುನ್ನ ದಲಿತ ಮಹಿಳೆಯರು ಸ್ವಾಮಿಗೆ ಆರತಿ ಬೆಳಗುವ ಸಂಪ್ರದಾಯವಿದೆ. ವರ್ಷಕ್ಕೊಂದು ದಿನ ಆರತಿಗೆ ಮೊದಲಿಗರಾದವರು ಉಳಿದ ದಿನಗಳಲ್ಲಿ ಹಿತ್ತಿಲ ಬಾಗಿಲಿನಲ್ಲಿ ನಿಂತು ರೊಟ್ಟಿ ಪಡೆಯುತ್ತಿದ್ದರೆಂಬುದು ಆಚಾರಕ್ಕೂ ವ್ಯವಹಾರಕ್ಕೂ ಇದ್ದ ಅಂತರವನ್ನು ತಿಳಿಸುವುದು.

ಸರ್ಕಾರವು ಮನೆಯ ಶುಚಿಯನ್ನು ತನ್ನ ವಿಷಯವೆಂದು ಭಾವಿಸಿದುದು ಪ್ಲೇಗಿನ ಭಯದಿಂದ. 1896ರಲ್ಲಿ ಮುಂಬಯಿಗೆ ಬಂದ ಈ ರೋಗವು ಮುಂದಿನ ವರ್ಷಗಳಲ್ಲಿ ಬಳ್ಳಾರಿ ಸೀಮೆಗೂ ಹಬ್ಬಿತು. 1897ರ ಸಾಂಕ್ರಾಮಿಕ ರೋಗಗಳ ಶಾಸನದ ಬಲದಿಂದ ಮನೆಗಳನ್ನು ಹೊಕ್ಕು ಶೋಧಿಸುವುದೂ ಸುಣ್ಣ ಬಳಿಸಿ ಶುದ್ಧಿ ಮಾಡಿಸುವುದೂ ನಡೆಯತೊಡಗಿದುವು. ಜನರು ಊರನ್ನು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಭಯವು ಇಳಿದ ಮೇಲೆ ಹೊಸ್ತಿಲಿನ ಕಟ್ಟಳೆಯು ಮೊದಲಿನಂತೆಯೇ ನಿಂತಿತು.

ಆ ಕಟ್ಟಳೆಗೆ ನೇರವಾಗಿ ಪೊರಕೆಯಿಂದಲೇ ಉತ್ತರ ಕೊಟ್ಟವರು ಗಾಂಧೀಜಿ. 1901ರ ಕಲ್ಕತ್ತೆಯ ಕಾಂಗ್ರೆಸ್ಸಿನಲ್ಲಿ ಪಾಯಿಖಾನೆಗಳ ಹೊಲಸನ್ನು ತೋರಿಸಿದಾಗ, ಅದು ಝಾಡಮಾಲಿಯ ಕೆಲಸವೆಂದು ಸ್ವಯಂಸೇವಕರು ಹೇಳಿದರಂತೆ. ಅವರು ಪೊರಕೆಯೊಂದನ್ನು ಕೇಳಿ ಪಡೆದು ತಾವೇ ಶುಚಿ ಮಾಡಿದರು. ಅವರ ಚಿತಾಭಸ್ಮವನ್ನಿಟ್ಟ ಸ್ಮಾರಕವು ಕೂಡ್ಲಿಗಿಯಲ್ಲಿದೆ. ಅಕ್ಟೋಬರ್ 2ರಂದು ಪೊರಕೆ ಹಿಡಿಯುವವರಿಗೆ ಈಗ ಕೊರತೆಯಿಲ್ಲ. 3ರಂದು ಅದನ್ನು ಯಾರು ಹಿಡಿಯುವರೆಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಶಾಸನಗಳು ನಿಧಾನವಾಗಿ ಬಂದುವು. 1950ರ ಸಂವಿಧಾನವು ಅಸ್ಪೃಶ್ಯತೆಯನ್ನು ರದ್ದು ಮಾಡಿತು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಶಾಸನವು ವಂಶಪಾರಂಪರ್ಯದ ಊಳಿಗಗಳನ್ನು ಮುಗಿಸಿತು. 1976ರಲ್ಲಿ ಜೀತವು ನಿಷಿದ್ಧವಾಯಿತು. ಅದೇ ವರ್ಷ 1955ರ ಶಾಸನಕ್ಕೆ ತಿದ್ದುಪಡಿಯಾಗಿ, ಅಸ್ಪೃಶ್ಯತೆಯ ಕಾರಣದಿಂದ ಯಾರನ್ನಾದರೂ ಕಸಗುಡಿಸಲು ಬಲವಂತಪಡಿಸುವುದೂ ಅಪರಾಧವೆಂದು ಸ್ಪಷ್ಟವಾಗಿ ಬರೆಯಲ್ಪಟ್ಟಿತು. ಪೊರಕೆಯ ವಿಷಯವಾಗಿ ಇಷ್ಟು ನೇರವಾದ ಮಾತು ಅದುವರೆಗೆ ಕಾನೂನಿನಲ್ಲಿ ಇರಲಿಲ್ಲ.

ಆದರೆ ಮನೆಯ ಒಳಗನ್ನು ಬದಲಿಸಿದುದು ಶಾಸನಕ್ಕಿಂತ ಹೆಚ್ಚಾಗಿ ನೆಲ. ತುಂಗಭದ್ರೆಯ ಅಣೆಕಟ್ಟಿನ ಕೆಲಸವು 1945ರಲ್ಲಿ ಮೊದಲಾಗಿ 1953ರಲ್ಲಿ ನೀರು ನಿಂತಾಗ, ನಾರಾಯಣದೇವರಕೆರೆಯೇ ಮೊದಲಾದ ಊರುಗಳು ಮುಳುಗಿದುವು. ಹಗರಿಬೊಮ್ಮನಹಳ್ಳಿಯಂಥ ಊರುಗಳು ಬೆಳೆದುವು. ಅಲ್ಲಿಂದೀಚೆಗೆ ಕಟ್ಟಿದ ಮನೆಗಳಲ್ಲಿ ಹಕ್ಕೆಯು ಹೊರಕ್ಕೆ ಹೋಯಿತು. ಸಿಮೆಂಟೂ ಕಲ್ಲುಹಾಸೂ ಬಂದುವು. ಸೆಗಣಿಯ ನೆಲಕ್ಕೆ ದಿನವೂ ನೀರು ಬೇಕಿರಲಿಲ್ಲ. ಹೊಸ ನೆಲವನ್ನಾದರೋ ದಿನವೂ ಒರೆಸಬೇಕು. ಮನೆಯ ಹೆಣ್ಣುಮಕ್ಕಳು ಶಾಲೆಗೂ ಕಚೇರಿಗೂ ಹೊರಟರು. ಹೀಗೆ ತಿಂಗಳಿಗಿಷ್ಟು ಎಂದು ಗೊತ್ತುಮಾಡಿಕೊಂಡು ಕಸಮುಸುರೆಗೆ ಬರುವ ಹೆಂಗಸು ಮೊದಲ ಸಲ ಪಡಸಾಲೆಯನ್ನು ದಾಟಿದಳು. ದುಡ್ಡಿನ ಲೆಕ್ಕವು ಬಂಧುತ್ವವನ್ನು ಕೆಡಿಸುವುದೆಂದು ಹಿರಿಯರು ಗೊಣಗಿದುದುಂಟು. ಉಳಿದ ರೊಟ್ಟಿಯ ಬಂಧುತ್ವಕ್ಕಿಂತ ತಿಂಗಳ ಲೆಕ್ಕವೇ ಅವಳಿಗೆ ಮಾನದ್ದು.

ಆ ಲೆಕ್ಕಕ್ಕೆ ಆಧಾರವು ದೊರೆಯಲು ಬಹಳ ಕಾಲ ಹಿಡಿಯಿತು. ಕರ್ನಾಟಕ ಸರ್ಕಾರವು 1992ರಲ್ಲಿ ಮನೆಗೆಲಸದವರನ್ನು ಕನಿಷ್ಠ ವೇತನದ ವ್ಯಾಪ್ತಿಗೆ ತಂದು, ಮರುವರ್ಷವೇ ಹಿಂದೆಗೆದುಕೊಂಡಿತು. ಸಂಘಟನೆಗಳು ಬಿಡದೆ ಕೇಳಿದುದರಿಂದ 2004ರಲ್ಲಿ ವೇತನವು ಗೊತ್ತಾಯಿತು; ದೇಶದಲ್ಲಿ ಈ ದಾರಿಯಲ್ಲಿ ಮುಂದೆ ಹೆಜ್ಜೆಯಿಟ್ಟ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2011ರಲ್ಲಿ ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನವು ಮನೆಗೆಲಸವೂ ಕೆಲಸವೇ ಎಂದು ಒಡಂಬಡಿಕೆಯನ್ನು ಮಾಡಿದಾಗ ಭಾರತವು ಅದರ ಪರವಾಗಿ ಮತ ಕೊಟ್ಟಿತು, ಒಡಂಬಡಿಕೆಯನ್ನು ಅಂಗೀಕರಿಸಲಿಲ್ಲ.

ಕೂಡ್ಲಿಗಿ, ಹರಪನಹಳ್ಳಿಗಳ ಒಣ ಹೊಲಗಳಲ್ಲಿ ಮಳೆ ಕೈಕೊಟ್ಟರೆ ಗುಳೆ ಹೊರಡುವುದು ಇಂದಿಗೂ ಉಂಟು. ಹಳ್ಳಿಗಳಿಂದಲೂ ತಾಂಡಾಗಳಿಂದಲೂ ಜನರು ಬೆಂಗಳೂರಿನ ಬಸ್ಸು ಹತ್ತುವರು. ಗಂಡಸರು ಗಾರೆಯ ಕೆಲಸಕ್ಕೆ, ಹೆಂಗಸರು ಕಲ್ಲುಮಣ್ಣು ಹೊರಲು ಇಲ್ಲವೆ ಮನೆಗೆಲಸಕ್ಕೆ. ಅದೇ ನಗರದಲ್ಲಿ ಯಂತ್ರಗಳನ್ನು ಹೊತ್ತು ಬಂದು, ಕೋಣೆಗಿಷ್ಟು, ತಾಸಿಗಿಷ್ಟು ಎಂದು ಮುಂಗಡ ಗೊತ್ತುಮಾಡಿ ಮನೆ ತೊಳೆದುಕೊಡುವ ಕಂಪನಿಗಳೂ ಇವೆ. ಅವರೊಡನೆ ಯಾರೂ ಚೌಕಾಸಿ ಮಾಡುವುದಿಲ್ಲ. ಅವರಿಗೆ ಬೇರೆ ಲೋಟವನ್ನೂ ಇಡುವುದಿಲ್ಲ. ದಿನವೂ ಬರುವ ಹೆಂಗಸಿನೊಡನೆ ಎರಡೂ ನಡೆಯುವ ಮನೆಗಳು ಇನ್ನೂ ಇವೆ.

ಕೊಟ್ಟೂರಿನ ತೇರಿಗೆ ಅವರಲ್ಲಿ ಅನೇಕರು ರಜೆ ಕೇಳಿಕೊಂಡು ಊರಿಗೆ ಬರುವರು. ಬಂದವರು ಮೊದಲು ಮಾಡುವುದು ಬೀಗ ಹಾಕಿದ ಮನೆಯ ಧೂಳು ಜಾಡಿಸಿ, ಗೋಡೆಗೆ ಸುಣ್ಣ ಬಳಿದು, ಅಂಗಳವನ್ನು ಸಾರಿಸುವುದು. ಆ ನಾಲ್ಕು ದಿನದ ಸಂಬಳವನ್ನು ಬೆಂಗಳೂರಿನ ಮನೆಯವರು ಹಿಡಿಯುವರೋ ಬಿಡುವರೋ ಎಂಬುದನ್ನು ಅವರು ತೇರು ಎಳೆದ ಮೇಲೆ, ಹಿಂತಿರುಗುವ ಬಸ್ಸಿನಲ್ಲಿ ಮಾತಾಡಿಕೊಳ್ಳುವರು.