ಶ್ರೀರಂಗಪಟ್ಟಣದ ಸ್ಕಾಟರು: ಒಂದು ವಂಶಶೋಧನೆಯ ವಿಚಾರ

ಶ್ರೀರಂಗಪಟ್ಟಣದ ಯುದ್ಧಗಳನ್ನು ಕುರಿತು ಬರೆಯುವವರು ಗೆದ್ದ ಪಕ್ಷದವರನ್ನೆಲ್ಲ ಇಂಗ್ಲಿಷರೆಂಬ ಒಂದೇ ಮಾತಿನಲ್ಲಿ ಅಡಕಗೊಳಿಸುವುದು ವಾಡಿಕೆಯಾಗಿದೆ. ಆದರೆ ಕ್ರಿ. ಶ. 1799ನೆಯ ಮೇ 4ರಂದು ಕೋಟೆಯನ್ನೇರಿದ ಪಡೆಗಳ ನಾಯಕನಾದ ಡೇವಿಡ್ ಬೇರ್ಡನು ಸ್ಕಾಟ್ಲೆಂಡಿನವನು. ಅವನ ಕೈಕೆಳಗೆ 73 ಮತ್ತು 74ನೆಯ ಹೈಲೆಂಡರ ರೆಜಿಮೆಂಟುಗಳಿದ್ದುವು. ತರುವಾಯ ಮೈಸೂರು ಸೀಮೆಯನ್ನು ಮೋಜಣಿ ಮಾಡಿದ ಕಾಲಿನ್ ಮೆಕೆಂಜಿಯೂ 1800ರಲ್ಲಿ ಈ ನಾಡನ್ನು ಸಂಚರಿಸಿ ವೃತ್ತಾಂತವನ್ನು ಬರೆದ ಫ್ರಾನ್ಸಿಸ್ ಬುಕನನ್ನನೂ ಆ ದೇಶದವರೇ. ಇಂತಹ ಪ್ರಸಿದ್ಧರ ಜೊತೆಯಲ್ಲಿ ಬಂದ ಸಾಮಾನ್ಯ ಸೈನಿಕರ ಕುಲವನ್ನು ಅರಸುವವರಿಗೆ ಯಾವ ದಾಖಲೆಗಳು ಒದಗುವುವು, ಅವು ಎಲ್ಲಿಯವರೆಗೆ ನಂಬತಕ್ಕವು, ಎಲ್ಲಿ ಮೌನವಹಿಸುವುವು ಎಂಬುದು ವಿಚಾರಾರ್ಹವಾಗಿದೆ.

ಮೊದಲನೆಯ ತೊಡಕು ಹೆಸರಿನದು. ಬೇರ್ಡನು 1780ನೆಯ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನ ಕಾಳಗದಲ್ಲಿ ಹೈದರಾಲಿಯ ಸೈನ್ಯಕ್ಕೆ ಸೆರೆಸಿಕ್ಕಿ 1784ರವರೆಗೆ ಶ್ರೀರಂಗಪಟ್ಟಣದಲ್ಲಿ ಬಂಧಿತನಾಗಿದ್ದನು. ಆಗ ಅವನಿದ್ದುದು 73ನೆಯ ರೆಜಿಮೆಂಟಿನಲ್ಲಿ. ಕೋಟೆಗೆ ಲಗ್ಗೆಯಿಟ್ಟುದೂ 73ನೆಯ ರೆಜಿಮೆಂಟೇ. ಆದರೆ ಇವೆರಡೂ ಒಂದಲ್ಲ. ಮೆಕ್ಲೌಡನ ಹೈಲೆಂಡರೆನಿಸಿದ ಮೊದಲಿನ 73ನೆಯದಕ್ಕೆ 1786ರಲ್ಲಿ 71 ಎಂಬ ಅಂಕೆ ಬಂದಿತು. ಅದೇ ವರ್ಷ 42ನೆಯ ರೆಜಿಮೆಂಟಿನ ಎರಡನೆಯ ದಳವು ಪ್ರತ್ಯೇಕಗೊಂಡು 73ನೆಯದಾಯಿತು. ಇದನ್ನರಿಯದವನು ಸೆರೆಯಾಳಿನ ಪಟ್ಟಿಯೊಂದನ್ನೂ ಲಗ್ಗೆಯ ಪಟ್ಟಿಯೊಂದನ್ನೂ ಹೊಂದಿಸಿ, ಹೆಸರೊಂದೇ ಆದ ಇಬ್ಬರನ್ನು ಒಬ್ಬನನ್ನಾಗಿ ಮಾಡಿಬಿಡುವನು. ಛಂದೋಂಬುಧಿಯ ನಾಗವರ್ಮನನ್ನೂ ಕಾವ್ಯಾವಲೋಕನದ ನಾಗವರ್ಮನನ್ನೂ ಬೇರ್ಪಡಿಸಿದ ನಮ್ಮ ವಿದ್ವಾಂಸರಿಗೆ ಈ ಬಗೆಯ ಎಚ್ಚರಿಕೆಯು ಹೊಸದಲ್ಲ.

ಎರಡನೆಯ ತೊಡಕು ಬಂಧುವಾಚಕ ಶಬ್ದಗಳದು. ಪೊಳ್ಳಿಲೂರಿನಲ್ಲಿ ಸೋತು ಸೆರೆಯಾದ ಪಡೆಯ ನಾಯಕ ಕರ್ನಲ್ ವಿಲಿಯಂ ಬೇಲಿಯು 1782ನೆಯ ನವೆಂಬರ್ 13ರಂದು ಶ್ರೀರಂಗಪಟ್ಟಣದಲ್ಲಿ ಮೃತನಾದನು. ಗುಂಬಜಿನ ಸಮೀಪದಲ್ಲಿರುವ ಅವನ ಸ್ಮಾರಕವನ್ನು 1816ರಲ್ಲಿ ಕಟ್ಟಿಸಿದವನು ಲಖನೌವಿನ ರೆಸಿಡೆಂಟನಾಗಿದ್ದ ಜಾನ್ ಬೇಲಿ. ಶಿಲಾಲೇಖವು ಇವನನ್ನು ಮೃತನ ‘ನೆವ್ಯೂ’ ಎನ್ನುವುದು. ಕನ್ನಡದಲ್ಲಿ ಅಣ್ಣತಮ್ಮಂದಿರ ಮಗನು ಮಗನೆನಿಸುವನು, ಅಕ್ಕತಂಗಿಯರ ಮಗನು ಸೋದರಳಿಯನೆನಿಸುವನು. ಇಂಗ್ಲಿಷಿನ ಶಬ್ದವು ಈ ಭೇದವನ್ನು ತೋರಿಸದು. ಹಿಂದಿನ ಬಳಕೆಯಲ್ಲಿ ಅದು ಇನ್ನೂ ದೂರದ ದಾಯಾದಿಗಳ ಮಕ್ಕಳಿಗೂ ಸಲ್ಲುತ್ತಿದ್ದಿತು. ಆದಕಾರಣ ಆ ಶಬ್ದವೊಂದರಿಂದಲೇ ವಂಶವೃಕ್ಷದಲ್ಲಿ ಕೊಂಬೆಯನ್ನು ಹೂಡತಕ್ಕುದಲ್ಲ.

ಇದಕ್ಕೆ ಪ್ರತಿಯಾಗಿ ನೆರವಾಗುವ ಒಂದು ಸಂಪ್ರದಾಯವುಂಟು. ಸ್ಕಾಟ್ಲೆಂಡಿನಲ್ಲಿ ಚೊಚ್ಚಲ ಮಗನಿಗೆ ತಂದೆಯ ತಂದೆಯ ಹೆಸರನ್ನೂ ಎರಡನೆಯವನಿಗೆ ತಾಯಿಯ ತಂದೆಯ ಹೆಸರನ್ನೂ ಇಡುವ ರೂಢಿಯಿದ್ದಿತು. ಮೊಮ್ಮಗನಿಗೆ ತಾತನ ಹೆಸರಿಡುವುದು ನಮ್ಮಲ್ಲಿಯೂ ಪರಿಚಿತವೇ. ಮಕ್ಕಳ ಹೆಸರುಗಳಿಂದ ತಾತಂದಿರ ಹೆಸರನ್ನು ಊಹಿಸಬಹುದು. ಆದರೆ ಅದೇ ರೂಢಿಯಿಂದ ಒಂದೇ ಊರಿನಲ್ಲಿ ಒಂದೇ ಹೆಸರಿನ ಐದಾರು ಮಂದಿ ದಾಯಾದಿಗಳು ಕಾಣಿಸಿಕೊಳ್ಳುವುದೂ ಉಂಟು. ಊಹೆಯು ದಾರಿಯನ್ನು ತೋರಬಹುದಲ್ಲದೆ ಪ್ರಮಾಣವಾಗದು.

ಇನ್ನು ಬರೆದಿಟ್ಟ ದಾಖಲೆಗಳು. ಸ್ಕಾಟ್ಲೆಂಡಿನಲ್ಲಿ ಸರ್ಕಾರದ ಜನನಮರಣ ನೋಂದಣಿಯು 1855ರಲ್ಲಿ ಆರಂಭವಾಯಿತು. ಅದಕ್ಕೆ ಹಿಂದೆ ಆಯಾ ಪ್ಯಾರಿಷಿನ ಚರ್ಚುಪುಸ್ತಕಗಳೇ ಗತಿ. ಹೈಲೆಂಡು ಮತ್ತು ದ್ವೀಪಗಳಲ್ಲಿ ಇವು ಬಹುಮಟ್ಟಿಗೆ ತಡವಾಗಿ ತೊಡಗಿದುವು. ಭಾರತದಲ್ಲಿ ನಡೆದ ದೀಕ್ಷಾಸ್ನಾನ, ವಿವಾಹ, ಸಮಾಧಿಗಳ ಪ್ರತಿಗಳನ್ನು ಕಂಪನಿಯವರು ಲಂಡನಿಗೆ ಕಳುಹಿಸುತ್ತಿದ್ದರು. ಅವು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಶ್ರೀರಂಗಪಟ್ಟಣದ ಸಂಗತಿಗಳನ್ನು ಮದರಾಸಿನ ಸಂಪುಟಗಳಲ್ಲಿ ಹುಡುಕತಕ್ಕುದು. ಸ್ಕಾಟರ ಪ್ರೆಸ್ಬಿಟೀರಿಯನ್ ಪಾದ್ರಿಗಳನ್ನು ಕಂಪನಿಯು ನೇಮಿಸಿದುದು 1813ರ ಸನ್ನದಿನ ಅನಂತರ. ಮದರಾಸಿನ ಸೇಂಟ್ ಆಂಡ್ರೂ ಚರ್ಚು ಮುಗಿದುದು 1821ರಲ್ಲಿ. ಅದಕ್ಕೆ ಮುಂಚಿನವರ ಹೆಸರುಗಳು ಇಂಗ್ಲೆಂಡಿನ ಚರ್ಚಿನ ಪಾದ್ರಿಗಳ ಪುಸ್ತಕಗಳಲ್ಲಿ ಸೇರಿರುವುದು ಸಹಜವೇ ಆಗಿದೆ.

ಈ ಪುಸ್ತಕಗಳ ದೊಡ್ಡ ಕೊರತೆಯು ತಾಯಂದಿರ ವಿಷಯದಲ್ಲಿ ಕಾಣುವುದು. ಯೂರೋಪಿನ ಸೈನಿಕರಿಗೂ ಇಲ್ಲಿಯ ಸ್ತ್ರೀಯರಿಗೂ ಹುಟ್ಟಿದ ಮಕ್ಕಳ ದೀಕ್ಷೆಯನ್ನು ಬರೆಯುವಾಗ ತಂದೆಯ ಹೆಸರನ್ನೂ ಪದವಿಯನ್ನೂ ಕಾಣಿಸಿ, ತಾಯಿಯನ್ನು ಹೆಸರಿಲ್ಲದೆ ದೇಶೀಯಳೆಂದಷ್ಟೇ ಬರೆದುದು, ಇಲ್ಲವೆ ಬಿಟ್ಟೇ ಬಿಟ್ಟುದು ಅನೇಕ ಕಡೆಗಳಲ್ಲಿದೆ. ಮದರಾಸಿನಲ್ಲಿ 1789ರಲ್ಲಿ ಸೈನಿಕರ ಗಂಡುಮಕ್ಕಳಿಗಾಗಿ ಏರ್ಪಟ್ಟ ಅನಾಥಾಲಯದಲ್ಲಿ ಇಂತಹ ಹುಡುಗರು ಬೆಳೆದರು. ಅದರ ಮೇಲ್ವಿಚಾರಕನಾದ ಆಂಡ್ರೂ ಬೆಲ್ಲನೂ ಸ್ಕಾಟ್ಲೆಂಡಿನವನು. ತಂದೆಯ ಕಡೆಯಿಂದ ಹೈಲೆಂಡಿನ ಕುಗ್ರಾಮದವರೆಗೆ ಹೋಗಬಲ್ಲ ವಂಶಾವಳಿಯು ತಾಯಿಯ ಕಡೆಯಲ್ಲಿ ಒಂದೇ ತಲೆಮಾರಿಗೆ ನಿಂತುಹೋಗುವುದು. ಆಕೆಯ ಊರು, ಕುಲ, ಭಾಷೆಗಳು ಅಳಿಸಿಹೋದುದು ದಾಖಲೆಯ ಅಕಸ್ಮಾತ್ತಲ್ಲ. ಬರೆದವರ ದೃಷ್ಟಿಯ ಫಲ.

ಇದೇ ಕಾಲದಲ್ಲಿ ಮೆಕೆಂಜಿಯು ಕಾವಲಿ ಬೊರಯ್ಯ, ಲಕ್ಷ್ಮಯ್ಯ ಮೊದಲಾದವರ ಸಹಾಯದಿಂದ ಊರೂರಿನ ಕೈಫಿಯತ್ತುಗಳನ್ನೂ ಅರಸುಮನೆತನಗಳ ವಂಶಾವಳಿಗಳನ್ನೂ ಬರೆಯಿಸಿ ಸಂಗ್ರಹಿಸಿದನು. ಎತ್ತಿನ ಮೇಲೆ ಕುಳಿತು ಮನೆಮನೆಗೆ ಬಂದು ಪೀಳಿಗೆಯನ್ನು ಹೇಳುವ ಹೆಳವರು ಒಕ್ಕಲುಮನೆಗಳ ನೆನಪನ್ನೂ ಕಾಪಾಡುತ್ತ ಬಂದವರು. ಸೈನಿಕನ ಸಂಗಾತಿಯ ಹೆಸರಾದರೋ ಈ ಎರಡು ಬಗೆಯ ನೆನಪಿನಲ್ಲಿಯೂ ಸೇರುವುದು ದುರ್ಲಭ. ಸ್ಕಾಟ್ ಪೂರ್ವಿಕನನ್ನು ಅರಸುವವನು ಪ್ರತಿಯೊಂದು ಸಂಬಂಧಕ್ಕೂ ಎರಡು ಸ್ವತಂತ್ರ ಪ್ರಮಾಣಗಳನ್ನು ಬೇಡತಕ್ಕುದು. ತಾಯಿಯ ಸ್ಥಾನವು ಬರಿದಾಗಿರುವಲ್ಲಿ ಅದನ್ನು ಕಲ್ಪಿತನಾಮದಿಂದ ತುಂಬದೆ, ಮುಚ್ಚಿಡದೆ, ಬರಿದೆಂದೇ ತೋರಿಸತಕ್ಕುದು. ಹಾಗೆ ಮಾಡಿದಲ್ಲಿ ಮಾತ್ರ ಆ ವಂಶಾವಳಿಯು ಸ್ಕಾಟ್ಲೆಂಡಿನ ಚರಿತ್ರೆಗೂ ಕಾವೇರೀತೀರದ ಚರಿತ್ರೆಗೂ ಸಮನಾಗಿ ಪ್ರಮಾಣವೆನಿಸುವುದು.