ಬರದ ನೆನಪು, ತುಂಬಿದ ಗಂಗಾಳ

ನಮ್ಮ ಹಾವೇರಿ ಸೀಮೆಯಲ್ಲಿ ಪ್ರೀತಿಯನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ಉಣಿಸಿ ತೋರಿಸುವವರೇ ಹೆಚ್ಚು. 'ಎಷ್ಟ ಸೊರಗೀಯೋ ತಮ್ಮಾ, ಇನ್ನೊಂದ ರೊಟ್ಟಿ ತಗೋ' ಎನ್ನುವುದೇ ಇಲ್ಲಿ ಅಕ್ಕರೆ. ಸೊರಗಿದರೆ ದುಃಖ, ಮೈದುಂಬಿದರೆ ಸುಖ ಎಂಬ ಈ ಲೆಕ್ಕದ ಒಂದು ಬೇರು ಬರದ ಚರಿತ್ರೆಯಲ್ಲಿದೆ ಎಂದು ನನಗನಿಸುತ್ತದೆ.

ಬ್ಯಾಡಗಿ ತಾಲೂಕಿನ ಕಾಗಿನೆಲೆಯ ಕನಕದಾಸರು 'ರಾಮಧಾನ್ಯಚರಿತೆ'ಯಲ್ಲಿ ಅಕ್ಕಿಯ ಎದುರು ರಾಗಿಯನ್ನು ಗೆಲ್ಲಿಸಿದರು. ಆರು ತಿಂಗಳ ಸೆರೆಯಲ್ಲೂ ಕೆಡದೆ ಉಳಿದದ್ದೇ ರಾಗಿಯ ಹೆಗ್ಗಳಿಕೆ. ಕಾಳು ಎಷ್ಟು ದಿನ ಬಾಳೀತು ಎಂಬ ಚಿಂತೆ ಬರ ಕಂಡವರದು.

1876–78ರ ಧಾತು-ಈಶ್ವರ ಬರದ ಕಾಲಕ್ಕೆ ಈ ಸೀಮೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು. 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್, ಬರದ ಕಾಮಗಾರಿಯಲ್ಲಿ ದುಡಿಯುವವನಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೊಂದು ಆಣೆ ಸಾಕೆಂದರು. ಒಂದು ಪೌಂಡ್ ಎಂದರೆ ಅರ್ಧ ಕಿಲೋಗೂ ಕಡಿಮೆ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳನ್ನು ಪೋಣಿಸುವ ರೈಲುದಾರಿ ಆಗಿನ್ನೂ ಇರಲಿಲ್ಲ. ಅದನ್ನು ಹಾಕಿದ ಸದರ್ನ್ ಮರಾಠಾ ರೈಲ್ವೆ ಹುಟ್ಟಿದ್ದೇ 1882ರಲ್ಲಿ. ಬರದ ನಾಡಿಗೆ ಕಾಳು ಮುಟ್ಟಿಸುವುದೂ ಅದರ ಉದ್ದೇಶವಾಗಿತ್ತು.

ಹಸಿವು ಹೊಟ್ಟೆಯಲ್ಲಷ್ಟೇ ಉಳಿಯುವುದಿಲ್ಲ. 1944–45ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಆನ್ಸೆಲ್ ಕೀಸ್, ಸ್ವಇಚ್ಛೆಯಿಂದ ಬಂದ 36 ಯುವಕರನ್ನು ಸುಮಾರು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ನೋಡಿದರು. ಅವರ ಮನಸ್ಸು ಅನ್ನದ ಸುತ್ತಲೇ ಗಿರಕಿ ಹೊಡೆಯಿತು. ಮತ್ತೆ ಊಟ ಸಿಕ್ಕಾಗ ಹಲವರು ಹೊಟ್ಟೆ ತುಂಬಿದ ಮೇಲೂ ಉಂಡರು. ಕಳೆದುಕೊಂಡದ್ದಕ್ಕಿಂತ ಹೆಚ್ಚು ಕೊಬ್ಬು ಮೈಗೆ ಬಂತು. ಅದೇ ದೇಶದಲ್ಲಿ ಸ್ಥೂಲದೇಹದ ಮಕ್ಕಳ ಮನೆಗಳನ್ನು ಅಭ್ಯಸಿಸಿದ ವೈದ್ಯೆ ಹಿಲ್ಡ ಬ್ರೂಕ್, ಮಗು ಯಾಕೆ ಅತ್ತರೂ ತಿನ್ನಲು ಕೊಟ್ಟರೆ ಅದು ಹಸಿವನ್ನೂ ಸಂಕಟವನ್ನೂ ಬೇರೆ ಮಾಡಿ ನೋಡಲು ಕಲಿಯದು ಎಂದರು.

ಬೊಜ್ಜಿಗೆ ಅನುವಂಶಿಕತೆ, ನಿದ್ದೆಗೇಡಿತನ, ಕೂತು ಮಾಡುವ ಕೆಲಸ, ಅಗ್ಗದ ಕರಿದ ತಿಂಡಿ ಹೀಗೆ ಕಾರಣಗಳು ಹಲವು. ಆದರೂ ಪರೀಕ್ಷೆಯ ಭಯಕ್ಕೆ, ಸಾಲದ ಚಿಂತೆಗೆ, ಒಂಟಿತನಕ್ಕೆ ಸಂಜೆಯ ಮಿರ್ಚಿ-ಮಂಡಕ್ಕಿಯೇ ಮದ್ದಾಗುವುದನ್ನು ನಾನು ನೋಡುತ್ತಲೇ ಇದ್ದೇನೆ. ಅದನ್ನು 'ಬಾಯಿಚಪಲ' ಎಂದು ಹೀಗಳೆದರೆ ನಾಚಿಕೆ ಹೆಚ್ಚುತ್ತದೆ. ನಾಚಿಕೆ ಮತ್ತೆ ತಿಂಡಿಯ ಕಡೆಗೇ ಎಳೆಯುತ್ತದೆ.

ಉಣಿಸಿದ ಹಿರಿಯರದು ತಪ್ಪಲ್ಲ. ಅವರಿಗೆ ಗೊತ್ತಿದ್ದ ಅಭಯ ಅದೊಂದೇ. ಆದರೆ ಇಂದು ಮನೆಯಲ್ಲಿ ಮಗು ಮುಖ ಸಣ್ಣ ಮಾಡಿ ಕೂತಾಗ, ಡಬ್ಬಿಯ ಮುಚ್ಚಳ ತೆಗೆಯುವ ಮುಂಚೆ ಏನಾಯಿತೆಂದು ಒಂದು ಮಾತು ಕೇಳಬಹುದು.