ಸೂತ್ರ ಯಾರ ಕೈಯಲ್ಲಿ? ಅನಿಮೇಷನ್, ಗೇಮ್ ಮತ್ತು ಸ್ಕ್ರಿಪ್ಟ್: ಕುಂದಾಪ್ರದ ಕಡೆಯವರಿಗೊಂದು ಮೊದಲ ಪಾಠ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಮಕ್ಕಳಿಗೆ ಮೊಬೈಲ್ ಗೇಮ್ ಆಡೋದನ್ನ ಯಾರೂ ಹೇಳಿಕೊಡಬೇಕಿಲ್ಲ. ಗೇಮ್ ಮಾಡೋದನ್ನ ಹೇಳಿಕೊಡುವವರು ಮಾತ್ರ ಕಮ್ಮಿ. ಇದಕ್ಕೆ ಮಕ್ಕಳ ಬುದ್ಧಿ ಕಾರಣವಲ್ಲ. ಭಾಷೆ, ಲ್ಯಾಬು, ಪಠ್ಯ ಕಾರಣ. ಹಾಗಾಗಿ ಇದು ತಂತ್ರಜ್ಞಾನದಷ್ಟೇ ರಾಜಕೀಯದ ವಿಷಯವೂ ಹೌದು.

ಸ್ಕ್ರಿಪ್ಟ್ ಅಂದ್ರೆ ಎಂಥದು?

ಕುಂದಾಪುರ ತಾಲೂಕಿನ ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆಯಾಟ ನೋಡಿದವರಿಗೆ ಅರ್ಧ ಪಾಠ ಆದಂತೆಯೇ. ಕೊಗ್ಗ ಕಾಮತರ ಮನೆತನ ಉಳಿಸಿಕೊಂಡು ಬಂದ ಈ ಆಟದಲ್ಲಿ ಗೊಂಬೆ ತಾನಾಗಿ ಕುಣಿಯುವುದಿಲ್ಲ. ಯಾವ ದಾರವನ್ನು ಯಾವಾಗ, ಎಷ್ಟು ಎಳೆಯಬೇಕು ಅನ್ನೋದು ಆಡಿಸುವವರಿಗೆ ಗೊತ್ತಿರುತ್ತದೆ. ಕಂಪ್ಯೂಟರ್ ಪರದೆಯ ಮೇಲೆ ದಾರದ ಬದಲು ಬರೆದಿಟ್ಟ ಆದೇಶಗಳಿರುತ್ತವೆ. ಆ ಆದೇಶಗಳ ಸಾಲೇ ಸ್ಕ್ರಿಪ್ಟ್.

ಶುರು ಮಾಡಲು ಸುಲಭದ ಸಾಧನ ಸ್ಕ್ರ್ಯಾಚ್. ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್ 2007ರಲ್ಲಿ ಇದನ್ನು ಹೊರತಂದಿತು. ದುಡ್ಡು ಕೊಡಬೇಕಿಲ್ಲ, ಒಮ್ಮೆ ಇನ್‌ಸ್ಟಾಲ್ ಮಾಡಿಕೊಂಡರೆ ಇಂಟರ್ನೆಟ್ಟೂ ಬೇಕಿಲ್ಲ. ಕೋಡ್ ಟೈಪ್ ಮಾಡುವ ಬದಲು ಬಣ್ಣದ ಬ್ಲಾಕುಗಳನ್ನು ಒಂದಕ್ಕೊಂದು ಜೋಡಿಸುವುದು, ಅಷ್ಟೇ. ಅದರ ಪದಗಳೂ ರಂಗಭೂಮಿಯವೇ: ಆಟ ನಡೆಯುವ ಜಾಗ ಸ್ಟೇಜ್, ಪಾತ್ರದ ಬೇರೆ ಬೇರೆ ಭಂಗಿಗಳು ಕಾಸ್ಟ್ಯೂಮ್. ಪಾತ್ರಕ್ಕೆ ಸ್ಪ್ರೈಟ್ ಅಂತ ಹೆಸರು.

ಮೊದಲು ಕುಣಿತ

ಒಂದು ವೇಷದ ಎರಡು ಚಿತ್ರ ಬರೆಯಿರಿ: ಕಾಲು ಎತ್ತಿದ್ದು, ಕಾಲು ಇಳಿಸಿದ್ದು. 'ಹಸಿರು ಬಾವುಟ ಒತ್ತಿದಾಗ' ಅನ್ನುವ ಬ್ಲಾಕಿನ ಕೆಳಗೆ 'ಸದಾ ಮಾಡುತ್ತಿರು' ಅನ್ನುವ ಲೂಪ್ ಇಡಿ. ಅದರೊಳಗೆ ಎರಡೇ ಆದೇಶ: ಮುಂದಿನ ಕಾಸ್ಟ್ಯೂಮ್ ತೋರಿಸು, 0.2 ಸೆಕೆಂಡು ಕಾಯಿ. ವೇಷ ಕುಣಿಯತೊಡಗುತ್ತದೆ. ಕಾಯುವ ಬ್ಲಾಕ್ ಬಿಟ್ಟರೆ ಕಾಲು ಅದುರಿದಂತೆ ಕಾಣುತ್ತದೆ. ಇಲ್ಲಿ ತಾಳ ಹಾಕುವುದು ಆ ಬ್ಲಾಕೇ.

ಆಮೇಲೆ ಆಟ

ಮೇಲಿಂದ ಕಂಡ ಹೊಳೆ, ಎಡಗಡೆ ಒಂದು ದೋಣಿ, ಬಲದಿಂದ ಬರುವ ಮೀನು. ಸ್ಟೇಜಿನ ಅಗಲ 480, ಎತ್ತರ 360, ನಟ್ಟನಡುವೆ ಸೊನ್ನೆ. ದೋಣಿಯ ಲೂಪಿನಲ್ಲಿ: ಮೇಲಿನ ಬಾಣದ ಕೀ ಒತ್ತಿದ್ದರೆ ವೈ 10 ಹೆಚ್ಚಲಿ, ಕೆಳಗಿನದು ಒತ್ತಿದ್ದರೆ 10 ಇಳಿಯಲಿ. ಮೀನಿನ ಲೂಪಿನಲ್ಲಿ: ಎಕ್ಸ್ 5 ಇಳಿಯಲಿ. ಎಕ್ಸ್ ಮೈನಸ್ 220ಕ್ಕಿಂತ ಕಡಿಮೆಯಾದರೆ ಮೀನು ಮತ್ತೆ ಬಲಬದಿಗೆ, ಯಾವುದೋ ಒಂದು ಎತ್ತರಕ್ಕೆ ಹೋಗಲಿ. ದೋಣಿಗೆ ತಾಗಿದರೆ ಅಂಕ ಒಂದು ಹೆಚ್ಚಿ, ಮೀನು ವಾಪಸ್ ಹೋಗಲಿ.

ಅಂಕ ಇಡುವ ಡಬ್ಬಿಗೆ ವೇರಿಯಬಲ್ ಅನ್ನುತ್ತಾರೆ. ಪ್ರತಿ ಸಲ ಆಟ ಶುರುವಾಗುವಾಗ ಅದನ್ನು ಸೊನ್ನೆಗೆ ತರಬೇಕು. 'ತಾಗಿದರೆ' ಅನ್ನುವ ಷರತ್ತನ್ನು ಲೂಪಿನ ಹೊರಗೆ ಇಟ್ಟರೆ ಕಂಪ್ಯೂಟರ್ ಒಂದೇ ಸಲ ಪರೀಕ್ಷಿಸಿ ಸುಮ್ಮನಾಗುತ್ತದೆ. ಹೊಸಬರ ಆಟ ಕೆಡುವುದು ಹೆಚ್ಚಾಗಿ ಇಲ್ಲೇ.

ನಿಯಮ ಬರೆಯುವವರು

ಈಗ ಆಟಕ್ಕೆ 'ತಿಂಗಳು' ಅನ್ನುವ ಇನ್ನೊಂದು ವೇರಿಯಬಲ್ ಸೇರಿಸಿ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆ ನಿಷೇಧ. ಸಣ್ಣ ಎಂಜಿನ್ನಿನ ನಾಡದೋಣಿಗೆ ವಿನಾಯಿತಿ. ಕೋಡಿನಲ್ಲಿ ಇದು ಒಂದರೊಳಗೊಂದು ಇರುವ ಎರಡು ಷರತ್ತು: ತಿಂಗಳು ಜೂನ್ ಅಥವಾ ಜುಲೈ ಆಗಿದ್ದರೆ, ಅದರೊಳಗೆ ಬೋಟು ಟ್ರಾಲರ್ ಆಗಿದ್ದರೆ ನಿಲ್ಲು. ಎರಡನೇ ಷರತ್ತು ಕಿತ್ತುಹಾಕಿ ನೋಡಿ, ಉಪ್ಪುಂದದ ನಾಡದೋಣಿಯೂ ದಡದಲ್ಲೇ ಕೂರುತ್ತದೆ. ಒಂದು ಸಾಲಿಗೆ ಎಷ್ಟು ಜನರ ಹೊಟ್ಟೆಪಾಡು ಕಟ್ಟಿಕೊಂಡಿದೆ ಅನ್ನೋದು ಅಲ್ಲಿ ಕಾಣುತ್ತದೆ. ನಮ್ಮ ಫೋನಿಗೆ ಯಾವ ಸುದ್ದಿ ಬರಬೇಕು, ಯಾವುದು ಬರಬಾರದು ಅಂತ ತೀರ್ಮಾನಿಸುವುದೂ ಯಾರೋ ಬರೆದ ಇಂಥ ನಿಯಮಗಳೇ. ಬರೆಯಲು ಕಲಿತವರು ಪ್ರಶ್ನಿಸಲೂ ಕಲಿಯುತ್ತಾರೆ.

ತಲಪಾಡಿ ದಾಟಿದರೆ

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಕೇರಳ ಸರ್ಕಾರ ಐಸಿಟಿ ಪಠ್ಯಪುಸ್ತಕವನ್ನು ಕನ್ನಡದಲ್ಲೇ ಕೊಡುತ್ತದೆ. 2018ರಲ್ಲಿ ಆರಂಭವಾದ 'ಲಿಟಲ್ ಕೈಟ್ಸ್' ಕ್ಲಬ್ಬುಗಳಲ್ಲಿ ಹೈಸ್ಕೂಲು ಮಕ್ಕಳು ಅನಿಮೇಷನ್, ಪ್ರೋಗ್ರಾಮಿಂಗ್ ಕಲಿಯುತ್ತಾರೆ. ಕನ್ನಡವೇ ಆಡಳಿತ ಭಾಷೆಯಾದ ನಮ್ಮಲ್ಲಿ? ಎಸ್ಸೆಸ್ಸೆಲ್ಸಿಯಲ್ಲಿ ಸಾಮಾನ್ಯವಾಗಿ ಬರೆಯುವ ಆರು ವಿಷಯಗಳಲ್ಲಿ ಕಂಪ್ಯೂಟರ್ ಇಲ್ಲ. 2001ರ ಮಾಹಿತಿ ಸಿಂಧುವಿನಿಂದ ಹಿಡಿದು ಯೋಜನೆಗಳು ಬಂದಿವೆ, ಹೋಗಿವೆ. ಕನ್ನಡದಲ್ಲಿ ಕೋಡಿಂಗ್ ಕಲಿಸಲು ಆಗುವುದಿಲ್ಲ ಅನ್ನುವವರಿಗೆ ಕಾಸರಗೋಡೇ ಉತ್ತರ.

ಈಗ ಎಂತ ಮಾಡ್ಬಹುದು?

ವೇರಿಯಬಲ್‌ಗೆ ಕನ್ನಡದಲ್ಲೇ ಹೆಸರಿಡಿ. 'ಮೈ ಬ್ಲಾಕ್ಸ್' ವಿಭಾಗದಲ್ಲಿ 'ಹೆಜ್ಜೆ ಹಾಕು' ಅಂತ ನಿಮ್ಮದೇ ಬ್ಲಾಕ್ ಮಾಡಿ, ಪಾತ್ರ 'ಹ್ವಾಯ್!' ಅಂತ ಕೂಗಲಿ. ಕಂಪ್ಯೂಟರ್ ಇಲ್ಲದವರಿಗೆ ಆಂಡ್ರಾಯ್ಡ್ ಫೋನಿನಲ್ಲಿ ನಡೆಯುವ ಪಾಕೆಟ್ ಕೋಡ್ ಇದೆ, ಅದೂ ಉಚಿತ.

ಮನೆಯಲ್ಲಿ ಇಷ್ಟು ಸಾಧ್ಯ. ಉಳಿದದ್ದನ್ನು ಊರಲ್ಲಿ ಕೇಳಬೇಕು. ಮಕ್ಕಳ ಪಂಚಾಯತಿಯ ಪ್ರಯೋಗ 1990ರ ದಶಕದಲ್ಲಿ ನಡೆದದ್ದು ಇದೇ ಕುಂದಾಪುರ ತಾಲೂಕಿನ ಹಳ್ಳಿಗಳಲ್ಲಿ. 2006ರಲ್ಲಿ ರಾಜ್ಯ ಸರ್ಕಾರ ಎಲ್ಲ ಗ್ರಾಮ ಪಂಚಾಯತಿಗಳಲ್ಲೂ ಮಕ್ಕಳ ಗ್ರಾಮಸಭೆ ನಡೆಸಲು ಸೂಚಿಸಿತು. ಪಂಚಾಯತಿ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ'ಗಳು. ಅಲ್ಲಿನ ಕಂಪ್ಯೂಟರಿನಲ್ಲಿ ಸ್ಕ್ರ್ಯಾಚ್ ಹಾಕಿಸಿ, ವಾರಕ್ಕೆ ಎರಡು ಗಂಟೆ ಮಕ್ಕಳಿಗೆ ಬಿಟ್ಟುಕೊಡಿ ಅಂತ ಮುಂದಿನ ಮಕ್ಕಳ ಗ್ರಾಮಸಭೆಯಲ್ಲಿ ಅರ್ಜಿ ಕೊಡಲು ಯಾವ ಬಜೆಟ್ಟಿಗೂ ಕಾಯಬೇಕಿಲ್ಲ.